ಕಪ್ಪೆ, ಮಂಗ ಮತ್ತು ಹಿಟ್ಟಿನ ಹುಂಜ

ಕಳೆದ ಸೆಪ್ಟೆಂಬರ್ ಕೊನೆಯ ವಾರ ನಮ್ಮ ಮಗಳು ಶಾಲೆಯಿಂದ ಬಂದವಳೇ ಚೀಲದಿಂದ ಒಂದು ಕಾಗದ ತೆಗೆದು ಊಟದ ಮೇಜಿನ ಮೇಲಿಟ್ಟಳು. ಒಂಬತ್ತನೆಯ ತರಗತಿಯ ಜೀವಶಾಸ್ತ್ರದ ಪಾಠದಲ್ಲಿ ಮಕ್ಕಳು ಕಪ್ಪೆ ಕೊಯ್ಯಲಿದ್ದಾರೆ. ತಂದೆತಾಯಿಯರ ಒಪ್ಪಿಗೆಯಿದ್ದರೆ ಕೆಳಗೆ ಸಹಿ ಮಾಡಿ ಕಳಿಸುವುದು. ಒಪ್ಪಿಗೆಯಿಲ್ಲದಿದ್ದರೆ ಮಗು ಅದೇ ಪಾಠವನ್ನು ಕಂಪ್ಯೂಟರಿನಲ್ಲಿ ಮಾಡಬಹುದು, ಅಂಕಗಳಲ್ಲಿ ವ್ಯತ್ಯಾಸವಿರುವುದಿಲ್ಲ. ಇಷ್ಟೇ ವಿಷಯ. ಡೆಟ್ರಾಯಿಟ್‌ನ ಪಶ್ಚಿಮಕ್ಕಿರುವ ನಮ್ಮ ಮನೆಗೆ ಇಂಥ ಕಾಗದಗಳು ವಾರಕ್ಕೆ ಮೂರೋ ನಾಲ್ಕೋ ಬರುತ್ತವೆ. ಪೂರ್ತಿ ಓದದೆ ಸಹಿ ಹಾಕುವುದು ನಮ್ಮ ವಾಡಿಕೆ. ಇದಕ್ಕೆ ಮಾತ್ರ ಪೆನ್ನು ಹಿಡಿದ ಕೈ ನಿಂತಿತು.

ನಿಲ್ಲಲು ಒಂದು ಕಾರಣ ಎದುರಿಗೇ ಕುಳಿತು ಬೀನ್ಸ್ ನಾರು ತೆಗೆಯುತ್ತಿತ್ತು. ಸಾಗರದ ಹತ್ತಿರದ ಹಳ್ಳಿಯಿಂದ ಬೇಸಿಗೆಯಲ್ಲಿ ಬಂದ ನಮ್ಮ ಅಮ್ಮ, ಪಾಟ್‌ಲಕ್ ಊಟದಲ್ಲಿ ಕೇಕು ಕಂಡರೆ ಮೊಟ್ಟೆ ಹಾಕಿದೆಯೇ ಎಂದು ಮೂರು ಜನರನ್ನು ಕೇಳಿ, ಮೂವರೂ ಇಲ್ಲವೆಂದರೂ ತಿನ್ನದವರು. ಅವರಿಗೆ ಈ ಕಾಗದವನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಮಗಳೇ ಹೇಳಿಬಿಟ್ಟಳು. ಅಮ್ಮ ಬೀನ್ಸ್ ಬಿಟ್ಟು, "ಜೀವ ಇದ್ದದ್ದನ್ನಾ, ಸತ್ತದ್ದನ್ನಾ?" ಎಂದು ಕೇಳಿದರು. ಸತ್ತದ್ದು ಎಂದಳು. "ಯಾರು ಕೊಂದದ್ದು?" ಇದಕ್ಕೆ ಮಗಳಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲೂ ಇರಲಿಲ್ಲ.

ನಮ್ಮ ಕೂಟದ ಹಲವು ಮನೆಗಳಿಗೆ ಈ ಕಾಗದ ಬಂದಿದೆ, ಬರಲಿದೆ. ಮಗು ಡಾಕ್ಟರಾಗಬೇಕು, ಆದರೆ ಕೈಗೆ ರಕ್ತ ತಗುಲಬಾರದು ಎಂಬ ಎರಡು ಆಸೆಗಳನ್ನು ಒಂದೇ ಜೇಬಿನಲ್ಲಿಟ್ಟುಕೊಂಡು ಓಡಾಡುವ ಜನ ನಾವು. ಆದ್ದರಿಂದ ನಮ್ಮ ಮನೆಯಲ್ಲಿ ಆ ಮೂರು ವಾರ ನಡೆದ ಜಿಜ್ಞಾಸೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ನವರಾತ್ರಿಯ ಶನಿವಾರ ನೇಪರ್‌ವಿಲ್‌ನಿಂದ ನಮ್ಮ ನೆಂಟರು ಗೊಂಬೆ ನೋಡಲು ಬಂದರು. ಐ-94 ಹಿಡಿದು ನಾಲ್ಕೂವರೆ ಗಂಟೆಯ ದಾರಿ. ವರ್ಷಕ್ಕೆ ಎರಡು ಸಲ ಅವರು ಇಲ್ಲಿಗೆ, ಎರಡು ಸಲ ನಾವು ಅಲ್ಲಿಗೆ. ಅವರ ಮಗ ಒಂದು ವರ್ಷ ದೊಡ್ಡವನು, ಈ ಪಾಠವನ್ನು ಹೋದ ವರ್ಷವೇ ಮುಗಿಸಿದ್ದ. ಅವನು ಕಪ್ಪೆ ಮುಟ್ಟಿರಲಿಲ್ಲ. ಇಲಿನಾಯ್‌ನಲ್ಲಿ 2000ದಲ್ಲೇ ಇದಕ್ಕೊಂದು ಕಾಯಿದೆ ಬಂದಿದೆ; ಪ್ರಾಣಿ ಕೊಯ್ಯಲು ಮನಸ್ಸೊಪ್ಪದ ವಿದ್ಯಾರ್ಥಿಗೆ ಶಾಲೆಯವರು ವಿನಾಯಿತಿ ಕೊಟ್ಟು ಬೇರೆ ರೀತಿಯಲ್ಲಿ ಪಾಠ ಮಾಡಿಸಬಹುದು. ಅವನು ತೆರೆಯ ಮೇಲಿನ ಕಪ್ಪೆಯನ್ನು ಮೌಸ್‌ನಿಂದ ಕೊಯ್ದು, ಹೃದಯ, ಪಿತ್ತಜನಕಾಂಗ, ಜಠರಗಳನ್ನು ಒಂದೊಂದಾಗಿ ಎತ್ತಿಟ್ಟು, ಮತ್ತೆ ಎಲ್ಲವನ್ನೂ ಸ್ವಸ್ಥಾನದಲ್ಲಿ ಕೂರಿಸಿ ಪೂರ್ಣಾಂಕ ಪಡೆದಿದ್ದ. "ನಾನು ಯಾರನ್ನೂ ಕೊಲ್ಲಲಿಲ್ಲ, ಅಜ್ಜಿ," ಎಂದ. ಅಮ್ಮ ಅವನ ತಲೆ ಸವರಿ ಇನ್ನೊಂದು ಸುಂಡಲ್ ಬಟ್ಟಲು ಕೊಟ್ಟರು. ನಮ್ಮ ಮಗಳ ಮುಖ ಸಣ್ಣದಾಯಿತು. ಏಕೆಂದರೆ ಅವಳಿಗೆ ನಿಜವಾದ ಕಪ್ಪೆಯನ್ನೇ ನೋಡಬೇಕಿತ್ತು.

ನಮ್ಮ ಕಾಲದಲ್ಲಿ ಯಾರೂ ಕೇಳಿರಲಿಲ್ಲ. ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರು ಕಪ್ಪೆ ಕೊಯ್ಯಲೇಬೇಕು, ಪರೀಕ್ಷೆಯಲ್ಲೂ ಅದೇ. ಇಲ್ಲಿನ ಹಾಗೆ ರಾಸಾಯನಿಕದಲ್ಲಿ ನೆನೆದು, ರಕ್ತನಾಳಗಳಿಗೆ ಕೆಂಪು ನೀಲಿ ಬಣ್ಣ ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಬರುವ ಕಪ್ಪೆಯಲ್ಲ. ಹಿಂದಿನ ಸಂಜೆ ಗದ್ದೆಯಿಂದ ಹಿಡಿದು ತಂದದ್ದು. ಮೇಣ ಹಾಕಿದ ತಟ್ಟೆಯಲ್ಲಿ ನಾಲ್ಕು ಕಾಲಿಗೆ ನಾಲ್ಕು ಗುಂಡುಸೂಜಿ. ಹೊಟ್ಟೆ ತೆರೆದ ಮೇಲೂ ಹೃದಯ ಬಡಿಯುತ್ತಲೇ ಇರುತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಆ ಬಡಿತ ಕಂಡು ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿತು, ಇನ್ನೊಬ್ಬರು ಆವತ್ತೇ ಎಂಜಿನಿಯರಿಂಗ್ ಎಂದು ನಿರ್ಧರಿಸಿದರು. ಯಾರು ಯಾರೆಂದು ಹೇಳುವುದು ಬೇಡ. ಕಪ್ಪೆಯಂತೂ ಒಂದೇ ಥರದ್ದು. ಈಗ ಊರಿನಲ್ಲಿ ಆ ಪದ್ಧತಿಯಿಲ್ಲ. ಕಾಲೇಜುಗಳ ಪ್ರಾಣಿಶಾಸ್ತ್ರ ತರಗತಿಗಳಲ್ಲಿ ಇದನ್ನು ಕಡಿಮೆ ಮಾಡುತ್ತ ಬರಬೇಕೆಂದು ಯು.ಜಿ.ಸಿ. 2011ರಲ್ಲಿ ಹೇಳಿ, 2014ರಲ್ಲಿ ಪೂರ್ತಿ ನಿಲ್ಲಿಸಿತು. ಅದಕ್ಕೂ ಮೊದಲೇ, 1987ರಲ್ಲಿ, ಭಾರತ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತ್ತು. ಗದ್ದೆಯ ಹುಳ ತಿನ್ನುವ ಕಪ್ಪೆಗಳೆಲ್ಲ ಪರದೇಶದ ತಟ್ಟೆಗೆ ಹೋದರೆ ಗದ್ದೆಯ ಗತಿಯೇನು ಎಂಬ ಯೋಚನೆಯಿಂದ. ಅಮೆರಿಕದ ಶಾಲೆಗಳಿಗೆ ದಶಕಗಳ ಕಾಲ ಕಪ್ಪೆ ಕಳಿಸುತ್ತಿದ್ದ ದೊಡ್ಡ ಅಂಗಡಿಗಳಲ್ಲಿ ಒಂದು ಷಿಕಾಗೊದಲ್ಲಿತ್ತು. ಟರ್‌ಟಾಕ್ಸ್ ಎಂಬ ಹೆಸರಿನಲ್ಲಿ ಅದರ ಸರಕು ಶಾಲೆಗಳಿಗೆ ಹೋಗುತ್ತಿತ್ತು.

ಆ ರಾತ್ರಿ ಮಕ್ಕಳು ನೆಲಮಾಳಿಗೆಯಲ್ಲಿ ಮಲಗಿದ ಮೇಲೆ ದೊಡ್ಡವರ ಮಾತು ಶುರುವಾಯಿತು. ನೇಪರ್‌ವಿಲ್‌ನವರ ನಿಲುವು ಸರಳ: ಬೇರೆ ದಾರಿ ಇರುವಾಗ ಕೊಲ್ಲುವುದೇಕೆ? ಇದನ್ನು ಅಲ್ಲಗಳೆಯುವುದು ಕಷ್ಟ, ಮತ್ತು ಇವತ್ತಿಗೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರು ಮುಂದುವರಿದು, ಹೀಗಾದರೂ ನಮ್ಮ ಮಕ್ಕಳು ನಮ್ಮ ಸಂಸ್ಕಾರ ಉಳಿಸಿಕೊಂಡಾರು, ನಾವು ಅಹಿಂಸೆಯ ಜನವಲ್ಲವೇ ಎಂದಾಗ ನಮ್ಮಲ್ಲೊಬ್ಬರಿಗೆ ಜನ್ನ ನೆನಪಾದ.

ನಮ್ಮ ಡೆಟ್ರಾಯಿಟ್ ಕೂಟಕ್ಕೆ ಪಂಪನ ಹೆಸರಿದೆ. ಪಂಪನಂತೆಯೇ ಜೈನನಾದ ಜನ್ನ 1209ರಲ್ಲಿ ಹೊಯ್ಸಳರ ನಾಡಿನಲ್ಲಿ ಕುಳಿತು ಯಶೋಧರ ಚರಿತೆಯನ್ನು ಬರೆದ. ಕಾಲೇಜಿನಲ್ಲಿ ಕನ್ನಡ ಓದಿದವರಿಗೆ ಕಥೆ ಗೊತ್ತು; ಮಕ್ಕಳಿಗಾಗಿ ಎರಡು ಮಾತು. ಯಶೋಧರ ರಾಜನಿಗೆ ಕೆಟ್ಟ ಕನಸಿನ ದೋಷ ಕಳೆಯಲು ದೇವಿಗೆ ಬಲಿ ಕೊಡಬೇಕೆಂದು ಅವನ ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಮಗನಿಗೆ ಕೊಲ್ಲಲು ಮನಸ್ಸಿಲ್ಲ. ಕೊನೆಗೆ ಒಂದು ರಾಜಿ: ಜೀವವಿರುವ ಕೋಳಿ ಬೇಡ, ಹಿಟ್ಟಿನ ಹುಂಜ ಮಾಡಿ ಕಡಿಯೋಣ. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ. ಅದೊಂದು ಹೊಡೆತಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಬೇರೆಯವರ ಕೈಯಲ್ಲಿ ಸಾಯುತ್ತ ಹೋಗುತ್ತಾರೆ. ಗಿರೀಶ್ ಕಾರ್ನಾಡರು ಇದೇ ವಸ್ತುವಿನಿಂದ ಹಿಟ್ಟಿನ ಹುಂಜ ನಾಟಕ ಬರೆದರು. ಜನ್ನನ ಲೆಕ್ಕದಲ್ಲಿ ಕೊಂದದ್ದು ಹಿಟ್ಟನ್ನೋ ಕೋಳಿಯನ್ನೋ ಎಂಬುದು ಮುಖ್ಯವಲ್ಲ. ಕೊಲ್ಲುವ ಸಂಕಲ್ಪವಿತ್ತೇ ಎಂಬುದು ಮುಖ್ಯ.

ಹಾಗಾದರೆ ತೆರೆಯ ಮೇಲಿನ ಕಪ್ಪೆ ಹಿಟ್ಟಿನ ಹುಂಜವೇ? ಅಲ್ಲ ಎಂದೇ ನಮಗೆ ತೋರಿತು. ನೇಪರ್‌ವಿಲ್‌ನ ಹುಡುಗನಿಗೆ ಕೊಲ್ಲುವ ಸಂಕಲ್ಪವಿರಲಿಲ್ಲ, ಕಲಿಯುವ ಸಂಕಲ್ಪವಿತ್ತು. ಅವನು ಎರಡು ಲೆಕ್ಕದಲ್ಲೂ ಪಾರು. ಸಿಕ್ಕಿಹಾಕಿಕೊಳ್ಳುವವರು ಅವನ ಸುತ್ತ ಕುಳಿತ ನಾವು. ಯಶೋಧರನಲ್ಲಿ ಸಂಕಲ್ಪವಿತ್ತು, ಸಾಯಲು ಜೀವವಿರಲಿಲ್ಲ. ನಮ್ಮ ವಿಷಯದಲ್ಲಿ ಜೀವಗಳು ನಿಜವಾಗಿಯೂ ಹೋಗಿವೆ, ಲೆಕ್ಕವಿಲ್ಲದಷ್ಟು ಹೋಗಿವೆ. ಸಂಕಲ್ಪ ಮಾತ್ರ ನಮ್ಮದಲ್ಲ ಎಂದು ಕೈ ತೊಳೆದು ಕುಳಿತಿದ್ದೇವೆ. ಜನ್ನನಿಗೆ ಈ ತಿರುಗುಮುರುಗು ಹೊಳೆದಿದ್ದರೆ ಇನ್ನೊಂದು ಕಾವ್ಯವಾಗುತ್ತಿತ್ತೇನೋ.

ಷಿಕಾಗೊದವರಿಗೆ ಒಂದು ಉದಾಹರಣೆ ಅವರ ಊರಿನಲ್ಲೇ ಇದೆ. ಹ್ಯಾಲ್‌ಸ್ಟೆಡ್ ರಸ್ತೆಯ ಹತ್ತಿರ ಸುಣ್ಣಕಲ್ಲಿನ ಒಂದು ಹಳೆಯ ಹೆಬ್ಬಾಗಿಲು ಒಂಟಿಯಾಗಿ ನಿಂತಿದೆ. ಕಮಾನಿನ ಮೇಲೆ ಹೋರಿಯ ತಲೆ ಕೆತ್ತಿದೆ. 1865ರಿಂದ 1971ರವರೆಗೆ ಇಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಇತ್ತು. ಅಮೆರಿಕಕ್ಕೆಲ್ಲ ಮಾಂಸ ಒದಗಿಸುತ್ತಿದ್ದ ದನ ಹಂದಿಗಳ ಸಂತೆ, ಸುತ್ತ ಕಸಾಯಿಖಾನೆಗಳು. ನಮ್ಮಂಥವರು ಆ ಕಡೆ ಕಾರು ತಿರುಗಿಸುವುದಿಲ್ಲ. ಆದರೆ ಅಲ್ಲಿನ ಆರ್ಮರ್ ಕಂಪನಿ, ಮಾಂಸ ಮಾರಿ ಉಳಿದ ಗ್ರಂಥಿಗಳಿಂದ ಔಷಧ ಮಾಡುವ ಒಂದು ವಿಭಾಗವನ್ನೇ ನಡೆಸುತ್ತಿತ್ತು. ಹಂದಿಯ ಪಿಟ್ಯೂಟರಿ ಗ್ರಂಥಿಯಿಂದ ತೆಗೆದ ಎ.ಸಿ.ಟಿ.ಎಚ್. ಎಂಬ ಹಾರ್ಮೋನು 1940ರ ದಶಕದ ಕೊನೆಯಲ್ಲಿ ವೈದ್ಯರಿಗೆ ಸಿಕ್ಕಿದ್ದು ಅಲ್ಲಿಂದ. ಇನ್ಸುಲಿನ್ ಕೂಡ 1982ರಲ್ಲಿ ಬ್ಯಾಕ್ಟೀರಿಯಾದಿಂದ ಬೆಳೆಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬರುವವರೆಗೆ ದನ ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಬರುತ್ತಿತ್ತು. ಕಾಲು ಕಿಲೋದಷ್ಟು ಇನ್ಸುಲಿನ್‌ಗೆ ಎರಡು ಟನ್‌ಗೂ ಮಿಕ್ಕಿ ಹಂದಿಯ ಅಂಗಗಳು ಬೇಕಿದ್ದವು ಎನ್ನುತ್ತಾರೆ. ನಮ್ಮ ಪರಿಚಯದ ಹಿರಿಯರೊಬ್ಬರು, ಎಪ್ಪತ್ತರ ದಶಕದಲ್ಲಿ ಬಂದವರು, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ಅವರಿಗೆ ತಿಳಿದಿರಲಿಲ್ಲವೆಂದಲ್ಲ. "ಗೊತ್ತು, ಆದರೆ ಹೆಸರು ಹೇಳಬೇಡಿ," ಎಂದು ನಗುತ್ತಿದ್ದರಂತೆ. ಈಗಲೂ ಹೃದಯದ ಶಸ್ತ್ರಚಿಕಿತ್ಸೆಯಾದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದಲೇ ಬರುತ್ತದೆ. ನಮ್ಮ ಕೂಟದಲ್ಲಿ ಬೈಪಾಸ್ ಆದವರನ್ನು ಎಣಿಸಲು ಎರಡು ಕೈ ಬೆರಳು ಸಾಲವು.

ಡೆಟ್ರಾಯಿಟ್‌ನವರದೂ ಬೇರೆ ಕಥೆಯಲ್ಲ. ಊರಿನಿಂದ ಯಾರು ಬಂದರೂ ನಾವು ಆನ್ ಆರ್ಬರ್‌ಗೆ ಕರೆದುಕೊಂಡು ಹೋಗಿ ವಿಶ್ವವಿದ್ಯಾಲಯ ತೋರಿಸುತ್ತೇವೆ. ರ‍್ಯಾಕ್‌ಹ್ಯಾಮ್ ಕಟ್ಟಡದ ಮುಂದೆ ಅಮ್ಮನ ಫೋಟೋ ಕೂಡ ತೆಗೆದಿದ್ದೇವೆ. 1955ರ ಏಪ್ರಿಲ್ 12ರಂದು ಆ ಕಟ್ಟಡದ ಸಭಾಂಗಣದಲ್ಲಿ ಥಾಮಸ್ ಫ್ರಾನ್ಸಿಸ್ ಎಂಬ ಪ್ರಾಧ್ಯಾಪಕರು, ತಮ್ಮ ಹಳೆಯ ಶಿಷ್ಯ ಜೋನಸ್ ಸಾಲ್ಕ್ ಮಾಡಿದ ಪೋಲಿಯೋ ಲಸಿಕೆ ಕೆಲಸ ಮಾಡುತ್ತದೆ ಎಂದು ಸಾರಿದರು. ಅದರ ಹಿಂದಿನ ವರ್ಷ ಸುಮಾರು 18 ಲಕ್ಷ ಮಕ್ಕಳು ಆ ಪರೀಕ್ಷೆಯಲ್ಲಿ ಪಾಲುಗೊಂಡಿದ್ದರು. ಲಸಿಕೆ ತಯಾರಿಸಿದ ಕಂಪನಿಗಳಲ್ಲಿ ಡೆಟ್ರಾಯಿಟ್ ನದಿಯ ದಡದ ಪಾರ್ಕ್-ಡೇವಿಸ್ ಒಂದು. ಸುದ್ದಿ ಕೇಳಿ ಊರೂರಲ್ಲಿ ಚರ್ಚಿನ ಗಂಟೆ ಬಾರಿಸಿದರು, ಅಂಗಡಿಗಳ ಬಾಗಿಲಲ್ಲಿ ಧನ್ಯವಾದದ ಫಲಕ ಬರೆದರು.

ಆ ಲಸಿಕೆಯ ವೈರಸ್ಸನ್ನು ಬೆಳೆಸಿದ್ದು ಮಂಗಗಳ ಮೂತ್ರಪಿಂಡದ ಜೀವಕೋಶಗಳಲ್ಲಿ. ಮಂಗಗಳಲ್ಲಿ ಬಹುಪಾಲು ಬಂದದ್ದು ನಮ್ಮ ದೇಶದಿಂದ, ಉತ್ತರ ಭಾರತದ ಊರು ಕೇರಿ ದೇವಸ್ಥಾನಗಳಲ್ಲಿ ಕಾಣುವ ಕೆಂಪುಮೂತಿಯ ಜಾತಿ. ಬಲೆಗಾರರು ಹಿಡಿದು ಕೊಟ್ಟರು. ವಿಮಾನದಲ್ಲಿ ತುಂಬಿ ಕಳಿಸಿದರು. ದಕ್ಷಿಣ ಕೆರೊಲಿನಾದ ಒಕೇಟಿ ಎಂಬ ಕಡೆ ಅವಕ್ಕೆಂದೇ ಒಂದು ಫಾರ್ಮ್ ಇತ್ತು. 1955ರ ಮೊದಲಲ್ಲಿ ಲಂಡನ್ ವಿಮಾನ ನಿಲ್ದಾಣದಲ್ಲಿ ಒಂದೇ ಸಾಗಣೆಯ ಮುನ್ನೂರಕ್ಕೂ ಹೆಚ್ಚು ಮಂಗಗಳು ಉಸಿರುಕಟ್ಟಿ ಸತ್ತವು. ಭಾರತ ಸರ್ಕಾರ ರಫ್ತು ನಿಲ್ಲಿಸಿತು. ಲಸಿಕೆಗೆ, ವೈದ್ಯಕೀಯ ಸಂಶೋಧನೆಗೆ ಮಾತ್ರ ಬಳಸಬೇಕೆಂಬ ಷರತ್ತಿನ ಮೇಲೆ ಸ್ವಲ್ಪ ಕಾಲದಲ್ಲೇ ಮತ್ತೆ ಬಿಟ್ಟಿತು. ಆ ಷರತ್ತು ಮೀರಿ ಇಲ್ಲಿನ ಸೈನ್ಯದ ವಿಕಿರಣ ಪ್ರಯೋಗಗಳಲ್ಲಿ ಮಂಗಗಳನ್ನು ಬಳಸಿದ್ದು ಬಯಲಾದ ಮೇಲೆ, ಮೊರಾರ್ಜಿ ದೇಸಾಯಿಯವರ ಸರ್ಕಾರ 1978ರಿಂದ ರಫ್ತನ್ನು ಪೂರ್ತಿ ನಿಷೇಧಿಸಿತು. ಅಷ್ಟು ಹೊತ್ತಿಗೆ ಹೋದ ಮಂಗಗಳ ಸಂಖ್ಯೆ ಲಕ್ಷಗಳಲ್ಲಿತ್ತು.

ಅಂದರೆ ನಮಗಿಂತ ಮೊದಲು ಅಮೆರಿಕಕ್ಕೆ ಗುಂಪುಗುಂಪಾಗಿ ಬಂದ ಭಾರತೀಯರು ಅವರೇ. ನಗು ಬರುವ ಮಾತಲ್ಲ, ಆದರೂ ಆ ರಾತ್ರಿ ಹಾಗೆ ಹೇಳಿದಾಗ ಎಲ್ಲರೂ ನಕ್ಕೆವು.

ಇನ್ನೊಂದು ಬದಿಯನ್ನೂ ಹೇಳಬೇಕು. ನಮ್ಮ ವಯಸ್ಸಿನವರ ತರಗತಿಯಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬರುವ ಒಬ್ಬರಾದರೂ ಇರುತ್ತಿದ್ದರು. ಅವರು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು; ಆಟದ ಪೀರಿಯಡ್‌ನಲ್ಲಿ ಎಲ್ಲರ ಚೀಲ ಕಾಯುತ್ತಿದ್ದರು. ಭಾರತದ ಕೊನೆಯ ಸಹಜ ಪೋಲಿಯೋ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ದೇಶಕ್ಕೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ಬೆಂಚಿನ ತುದಿ ಈಗ ಖಾಲಿ. ಮಂಗಗಳು ಸಾಯಬಾರದಿತ್ತು ಎಂದು ಹೇಳುವವರು ಆ ಬೆಂಚನ್ನು ನೋಡಿ ಹೇಳಬೇಕು. ಸಾಯಬೇಕಿತ್ತು ಎಂದು ಹೇಳುವವರು ಲಂಡನ್ನಿನ ಆ ಪೆಟ್ಟಿಗೆಗಳನ್ನು ನೋಡಿ ಹೇಳಬೇಕು. ನಮಗೆ ಎರಡೂ ಬಾಯಿಗೆ ಬರಲಿಲ್ಲ.

ಅಮ್ಮ ಇಷ್ಟು ಹೊತ್ತೂ ಸೋಫಾದ ಮೇಲೆ ಕಾಲು ಮಡಚಿ ಕುಳಿತು ಕೇಳುತ್ತಿದ್ದರು, ನಿದ್ದೆ ಬಂದಿದೆ ಎಂದುಕೊಂಡಿದ್ದೆವು. "ನೀವೆಲ್ಲ ಮಂಗ ಮಂಗ ಅಂತೀರಿ, ನಮ್ಮೂರಿನ ಮಂಗ ಮರೆತುಹೋಯ್ತಾ?" ಎಂದರು.

ಅಮ್ಮನ ತೌರು ಸೊರಬದ ಕಡೆ. 1957ರಲ್ಲಿ ಅವರಿಗೆ ಹನ್ನೊಂದು ವರ್ಷ. ಆ ಬೇಸಿಗೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಬಿದ್ದು ಸಾಯತೊಡಗಿದವು. ಕೆಂಪು ಮಂಗವೂ ಸತ್ತಿತು, ಕರಿಮೂತಿಯ ಮುಸುವವೂ ಸತ್ತಿತು. ಹಳ್ಳಿಯವರು ಸತ್ತ ಮಂಗನಿಗೆ ಅರಿಸಿನ ಕುಂಕುಮವಿಟ್ಟು ಮಣ್ಣು ಮಾಡಿದರು. ಆಮೇಲೆ ಕಾಡಿಗೆ ಹೋದವರಿಗೆ ಜ್ವರ. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಲು ಹೋಗಿದ್ದ ಅಮ್ಮನ ಚಿಕ್ಕಪ್ಪನಿಗೆ ತಲೆ ಸಿಡಿಯುವ ನೋವು, ವಸಡಿನಿಂದ ರಕ್ತ. ಎರಡು ವಾರ ಮಲಗಿದ್ದು ತೀರಿಕೊಂಡರು. ಇಪ್ಪತ್ತಾರು ವರ್ಷ. ಅವರ ಹೆಂಡತಿಗೆ ಇಪ್ಪತ್ತು.

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಜನ ಜೀಪಿನಲ್ಲಿ ಬಂದರು. ಐ.ಸಿ.ಎಂ.ಆರ್. ಮತ್ತು ಇಲ್ಲಿನ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ತೆರೆದ ಸಂಸ್ಥೆ ಅದು. ಆಗ ಅದರ ಮುಖ್ಯಸ್ಥರು ಟೆಲ್‌ಫರ್ಡ್ ವರ್ಕ್ ಎಂಬ ಅಮೆರಿಕನ್. ಮಂಗ ಸಾಯುತ್ತಿದೆ ಎಂದರೆ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಭಯ ಅವರಿಗೆ. ಅದಲ್ಲ ಎಂದು ಗೊತ್ತಾಯಿತು. ಸತ್ತ ಮಂಗಗಳನ್ನು ಕೊಯ್ದು, ಅಂಗಗಳನ್ನು ಅರೆದು ಇಲಿಗಳಿಗೆ ಚುಚ್ಚಿ ವೈರಸ್ಸನ್ನು ಬೇರ್ಪಡಿಸಿದರು, ಜಗತ್ತಿಗೆ ಹೊಸದು. ಹರಡುವುದು ಉಣ್ಣೆಯಿಂದ, ನಮ್ಮ ಕಡೆ ಉಣುಗು ಎನ್ನುವ ಹುಳದಿಂದ, ಎಂದೂ ಕಂಡುಹಿಡಿದರು. ಆ ಕೆಲಸದಲ್ಲಿ ಪ್ರಯೋಗಾಲಯದವರಿಗೇ ಹಲವರಿಗೆ ಜ್ವರ ತಗುಲಿತು. ರೋಗಕ್ಕೆ ಕ್ಯಾಸನೂರಿನ ಹೆಸರೇ ನಿಂತಿತು. ನಮಗೆ ಮಾತ್ರ ಅದು ಮಂಗನ ಕಾಯಿಲೆ. ಪಾಪ, ಮಂಗಕ್ಕೂ ಅದೇ ಕಾಯಿಲೆ, ಹೆಸರು ಮಾತ್ರ ಕೆಟ್ಟದ್ದು ಮಂಗನದು.

ಮುಂದೆ ಲಸಿಕೆ ಬಂತು. 1990ರ ದಶಕದಿಂದ ಮಲೆನಾಡಿನ ಹಳ್ಳಿಗಳಲ್ಲಿ ಕೊಟ್ಟರು. ಕೋಳಿಮೊಟ್ಟೆಯೊಳಗಿನ ಮರಿಯ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಾಲಿನ್‌ನಿಂದ ಸಾಯಿಸಿ ಮಾಡಿದ್ದು. ತೋಳು ಎರಡು ದಿನ ಎತ್ತಲಾಗದಷ್ಟು ನೋವು, ಹಾಗಾಗಿ ಜನ ತಪ್ಪಿಸಿಕೊಳ್ಳುತ್ತಿದ್ದರು. ಅಮ್ಮ ತಪ್ಪಿಸಿಕೊಂಡವರಲ್ಲ. ಆ ಲಸಿಕೆಯ ಶಕ್ತಿ ಸಾಲದೆಂದು ಈಚೆಗೆ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಸಾವುಗಳಾದಾಗ ನಾವು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದೆವು.

"ಅವರು ಮಂಗನ್ನ ಕೊಯ್ಯದೇ ಇದ್ದಿದ್ರೆ ಯಾವ ಹುಳ ಅಂತ ಗೊತ್ತಾಗ್ತಿತ್ತಾ?" ಅಮ್ಮ ಕೇಳಿದರು. ಆಮೇಲೆ ತಾವೇ, "ಆದ್ರೆ ಅವು ಸತ್ತು ಬಿದ್ದ ಮಂಗ. ಕೊಯ್ಯೋಕೆ ಅಂತ ಕೊಂದದ್ದಲ್ಲ. ಈ ಕಪ್ಪೇನ ಕೊಯ್ಯೋಕೆ ಅಂತಲೇ ಕೊಂದಿದಾರೆ," ಎಂದರು. ಇಲಿಗಳ ವಿಷಯ ಅಮ್ಮನಿಗೆ ಹೇಳಿರಲಿಲ್ಲ, ಆಗ ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ನಮ್ಮ ಯೋಚನೆ ತಿಳಿಯಾಗತೊಡಗಿದ್ದು ಅಲ್ಲಿಂದ. ಎಲ್ಲ ಕೊಯ್ತವೂ ಒಂದೇ ಅಲ್ಲ. ಕ್ಯಾಸನೂರಿನಲ್ಲಿ ಕೊಯ್ದವರಿಗೆ ಉತ್ತರ ಗೊತ್ತಿರಲಿಲ್ಲ, ಕೇಳಬೇಕಾದ ಅಗತ್ಯ ಸಾವಿನಷ್ಟು ದೊಡ್ಡದಿತ್ತು. 1921ರಲ್ಲಿ ಆಟ್ಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ತೆಗೆದು, ಒಂದರ ನರವನ್ನು ಕೆಣಕಿ, ಆ ಹೃದಯ ಮುಳುಗಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಎರಡನೆಯದರ ಬಡಿತವೂ ನಿಧಾನವಾಯಿತು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ಅವರಿಗೆ 1936ರಲ್ಲಿ ನೊಬೆಲ್ ಬಂತು. ನಮ್ಮ ಮಗಳ ತರಗತಿಯ ಹದಿನೈದು ಕಪ್ಪೆಗಳು ಹೇಳಲಿರುವುದೆಲ್ಲ ಅವಳ ಪುಸ್ತಕದಲ್ಲಿ ಬಣ್ಣದಲ್ಲಿ ಅಚ್ಚಾಗಿದೆ. ಸಂಶೋಧನೆಗೆ ಒಪ್ಪುವ ನ್ಯಾಯ ಪಾಠಕ್ಕೆ ತಾನಾಗಿ ಒಪ್ಪುವುದಿಲ್ಲ. ಮುಂದೆ ಶಸ್ತ್ರವೈದ್ಯರಾಗುವವರು ಎಲ್ಲೋ ಒಂದು ಕಡೆ ಮೊದಲ ಸಲ ಕೊಯ್ಯಲೇಬೇಕು, ನಿಜ. ಆದರೆ ಹದಿನಾಲ್ಕು ವರ್ಷದ ಎಲ್ಲ ಮಕ್ಕಳೂ ಅಲ್ಲ.

ಸಂಶೋಧನೆಯಲ್ಲೂ ಪ್ರಾಣಿಗಳ ಸಂಖ್ಯೆ ಇಳಿಸಬಹುದು. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಒಂದು ಆಫ್ರಿಕನ್ ಹಸಿರು ಮಂಗದ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳು ಇವತ್ತಿಗೂ ಗಾಜಿನ ಬಾಟಲಿಗಳಲ್ಲಿ ಬೆಳೆಯುತ್ತಿವೆ. ವೀರೊ ಎಂದು ಅವಕ್ಕೆ ಹೆಸರು. ಒಂದು ಕಾಲಕ್ಕೆ ವಿಮಾನಗಟ್ಟಲೆ ಮಂಗಗಳು ಬೇಕಿದ್ದ ಪೋಲಿಯೋ ಲಸಿಕೆ ಈಗ ಆ ಒಂದೇ ಮಂಗದ ಸಂತಾನದಲ್ಲಿ ತಯಾರಾಗುತ್ತದೆ. ಕೊವ್ಯಾಕ್ಸಿನ್ ಕೂಡ ಅದರಲ್ಲೇ. ಆದರೂ 2020ರಲ್ಲಿ ಕೊವ್ಯಾಕ್ಸಿನ್ನನ್ನು ಮನುಷ್ಯರಿಗೆ ಭರವಸೆಯಿಂದ ಕೊಡುವ ಮುನ್ನ ಅದೇ ಪುಣೆಯ ಸಂಸ್ಥೆಯಲ್ಲಿ 20 ಕೆಂಪುಮೂತಿ ಮಂಗಗಳ ಮೇಲೆ ಪರೀಕ್ಷಿಸಿದರು. ಅಮ್ಮನಿಗೆ ಆ ಲಸಿಕೆ ಸಾಗರದ ಆಸ್ಪತ್ರೆಯಲ್ಲಿ ಸಿಕ್ಕಿದ ದಿನ ನಾವು ಇಲ್ಲಿ ಪಾಯಸ ಮಾಡಿದ್ದೆವು. ಇಪ್ಪತ್ತು ಮಂಗಗಳ ನೆನಪು ಪಾಯಸದ ಹೊತ್ತಿಗೆ ಯಾರಿಗೂ ಬರಲಿಲ್ಲ. ಅಮೆರಿಕದಲ್ಲಂತೂ 1966ರ ಪ್ರಾಣಿಹಿತ ಕಾಯಿದೆ ನಾಯಿ ಬೆಕ್ಕು ಮಂಗಗಳನ್ನು ಲೆಕ್ಕಕ್ಕಿಟ್ಟುಕೊಳ್ಳುತ್ತದೆ. ಸಂಶೋಧನೆಗೆಂದೇ ಸಾಕಿದ ಇಲಿ, ತಣ್ಣನೆಯ ರಕ್ತದ ಕಪ್ಪೆ, ಇವು ಆ ಕಾಯಿದೆಯ ಮಟ್ಟಿಗೆ ಪ್ರಾಣಿಗಳೇ ಅಲ್ಲ.

ಇಷ್ಟೆಲ್ಲ ಯೋಚಿಸಿದರೆ ಸಹಿ ಹಾಕಬಾರದೆಂದೇ ತೀರ್ಮಾನವಾಗಬೇಕು. ಮಗಳಿಗೆ ಹಾಗೆಯೇ ಹೇಳಿದೆವು. ಅವಳು ಕೇಳಿದ ಪ್ರಶ್ನೆಗೆ ನಾವು ಸಿದ್ಧವಿರಲಿಲ್ಲ. "ನಾವು ಎಲ್ಲಾ ವ್ಯಾಕ್ಸಿನ್ ತಗೋತೀವಿ, ಎಲ್ಲಾ ಮೆಡಿಸಿನ್ ತಗೋತೀವಿ. ಕೊಯ್ಯೋದು ಮಾತ್ರ ಬೇರೆಯವರ ಮಕ್ಕಳು ಕಲೀಬೇಕಾ?" ಅವಳ ಕನ್ನಡಕ್ಕೆ ಅದು ಉದ್ದದ ವಾಕ್ಯ, ತಯಾರಿ ಮಾಡಿಕೊಂಡೇ ಬಂದಿದ್ದಳು. ಒಂದು ಕಪ್ಪೆ ಉಳಿದರೂ ಉಳಿದಂತೆಯೇ ಅಲ್ಲವೇ ಎಂದು ನಮ್ಮಲ್ಲೊಬ್ಬರು ಹೇಳಿದರು. ಅದು ಉಳಿಯುವುದಿಲ್ಲ, ಚೀಲದಲ್ಲಿ ಆಗಲೇ ಇದೆ ಎಂದಳು. ಆದರೆ ಮುಂದಿನ ವರ್ಷ ಶಾಲೆಯವರು ಎಷ್ಟು ತರಿಸಬೇಕೆಂದು ಲೆಕ್ಕ ಹಾಕುವುದು ಈ ಕಾಗದಗಳನ್ನು ಎಣಿಸಿಯೇ, ಸತ್ತದ್ದು ಹೇಗೂ ಸತ್ತಿದೆ ಎನ್ನುವುದು ಮಾಂಸದ ಅಂಗಡಿಯ ಮುಂದೆ ಎಲ್ಲರೂ ಹೇಳುವ ಮಾತು ಎಂದೆವು. ಇದನ್ನು ಅವಳು ಒಪ್ಪಿದಳು. ಒಪ್ಪಿಯೂ, ತನಗೆ ನೋಡಬೇಕು ಎಂದಳು.

ನಮ್ಮಿಬ್ಬರಲ್ಲಿ ಆ ರಾತ್ರಿ ಒಮ್ಮತವಾಗಲಿಲ್ಲ. ಇನ್ನೊಂದು ಜೀವವನ್ನು ಕೊಟ್ಟು ನಮ್ಮ ಮಗಳ ಕುತೂಹಲ ತಣಿಸುವ ಹಕ್ಕು ನಮಗಿಲ್ಲ ಎಂದು ಒಬ್ಬರು. ಕೈ ತೊಳೆದುಕೊಂಡು ದೂರ ನಿಲ್ಲುವುದನ್ನು ಅಹಿಂಸೆ ಎಂದು ಅವಳಿಗೆ ಕಲಿಸಿದರೆ ಅದು ಇನ್ನೂ ಕೆಟ್ಟದ್ದು ಎಂದು ಇನ್ನೊಬ್ಬರು. ಇಬ್ಬರೂ ಸರಿ ಎಂದು ಇಬ್ಬರಿಗೂ ಅನಿಸಿದ್ದರಿಂದ ಜಗಳವೂ ಆಗಲಿಲ್ಲ. ಕಾಗದದಲ್ಲಿ ಪೋಷಕರೊಬ್ಬರ ಸಹಿ ಸಾಕಿತ್ತು. ಒಬ್ಬರೇ ಹಾಕಿದೆವು.

ಅಕ್ಟೋಬರ್ ಮಧ್ಯದ ಒಂದು ಗುರುವಾರ ಅವಳು ಮನೆಗೆ ಬಂದಾಗ ಬಟ್ಟೆಯಲ್ಲಿ ಆ ರಾಸಾಯನಿಕದ ವಾಸನೆಯಿತ್ತು. ಅಜ್ಜಿ ಕೇಳದೆಯೇ ಬಚ್ಚಲಿಗೆ ಕಳಿಸಿದರು, ತಲೆಗೂ ನೀರು ಹಾಕಿಕೊಳ್ಳಲು ಹೇಳಿದರು. ಊಟಕ್ಕೆ ಕುಳಿತಾಗ ನಾವು ಏನೂ ಕೇಳಲಿಲ್ಲ. ಅವಳೇ ಹೇಳಿದಳು: ಜೊತೆಯ ಹುಡುಗ ಕೊಯ್ದ, ಇವಳು ಇಕ್ಕಳ ಹಿಡಿದಿದ್ದಳು. ಹೊಟ್ಟೆ ತೆರೆದರೆ ಒಳಗೆ ಬೇರೇನೂ ಕಾಣದಷ್ಟು ಮೊಟ್ಟೆಗಳು, ಗಸಗಸೆಯ ಹಾಗೆ ಕಪ್ಪು ಬಿಳುಪು. ಅದನ್ನೆಲ್ಲ ಚಮಚದಲ್ಲಿ ತೆಗೆದು ಪಕ್ಕಕ್ಕಿಟ್ಟ ಮೇಲೆ ಹೃದಯ ಕಂಡಿತಂತೆ. "ಪುಸ್ತಕದಲ್ಲಿ ಮೊಟ್ಟೆ ಇರಲಿಲ್ಲ," ಎಂದಳು. ಅಮ್ಮ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿಕೊಂಡರು. ಅವಳಿಗೆ ಅದರಿಂದ ಡಾಕ್ಟರಾಗುವ ಆಸೆ ಹುಟ್ಟಿದೆ ಎಂದೇನೂ ಕಾಣುವುದಿಲ್ಲ. ಮುಂದಿನ ಪಾಠ ಬೇಡ ಎಂದು ಅವಳೇ ಶಿಕ್ಷಕಿಗೆ ಹೇಳಿ ಬಂದಿದ್ದಾಳೆ. ಅದಕ್ಕೆ ನಮ್ಮ ಸಹಿ ಬೇಕಾಗಲಿಲ್ಲ.

ತಿಂಗಳ ಕೊನೆಯಲ್ಲಿ ಅಮ್ಮನನ್ನು ಔಷಧಿ ಅಂಗಡಿಗೆ ಫ್ಲೂ ಚುಚ್ಚುಮದ್ದಿಗೆ ಕರೆದುಕೊಂಡು ಹೋದೆವು. ಸರದಿ ಬರುವ ತನಕ ಕುರ್ಚಿಯಲ್ಲಿ ಕುಳಿತಿದ್ದ ಅಮ್ಮ ಮೊಮ್ಮಗಳ ಕಡೆ ತಿರುಗಿ, "ಪುಟ್ಟಿ, ಇದರಲ್ಲಿ ಯಾವ ಪ್ರಾಣಿ?" ಎಂದು ಕೇಳಿದರು. ಅವಳು ಫೋನಿನಲ್ಲಿ ಹುಡುಕಿ, ಹಲವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ ಅಜ್ಜಿ, ಬೇರೆ ಥರದ್ದೂ ಇದೆಯಂತೆ, ಕೇಳಲಾ ಎಂದಳು. ಕೇಳಿದಳು. ಅಂಗಡಿಯಲ್ಲಿ ಆವತ್ತು ಇದ್ದದ್ದು ಮೊಟ್ಟೆಯದೇ, ಬೇರೆಯದಕ್ಕೆ ಮುಂದಿನ ವಾರ ಬರಬೇಕು. ಅಮ್ಮ ಒಂದು ನಿಮಿಷ ಸುಮ್ಮನಿದ್ದು, ಶಾಲನ್ನು ಸರಿಸಿ, ಎಡಗೈ ಮುಂದೆ ಚಾಚಿದರು. ಬಲಗೈ ಪೂಜೆಗೆ ಬೇಕಂತೆ.